ಸೆಕೆಂಡ್ ಹ್ಯಾಂಡ್ ವ್ಯಾಪಾರಕ್ಕೆ ಇಳಿಯೋಕೆ ಮುಂಚೆ ಕಾನೂನಿನ ಈ ವಿಷಯಗಳನ್ನ ನೋಡ್ಕೊಳ್ಳಿ

ಹೊಸ ಸಾಮಾನು ಮಾರೋರಿಗೆ ಕಂಪನಿ ಬಿಲ್ಲೇ ಕಾವಲು, ಮಾಲು ಎಲ್ಲಿಂದ ಬಂತು ಅಂತ ಯಾರೂ ಬಂದು ಕೇಳಲ್ಲ. ಹಳೇ ಸಾಮಾನಿಗೆ ಆ ಅನುಕೂಲ ಇಲ್ಲ. ಒಂದು ಹಳೇ ಫೋನೋ ಬೈಕೋ ಒಡವೆನೋ ತಾಮ್ರದ ವೈರೋ ನಿಮ್ಮ ಕೈಗೆ ಬಂತು ಅಂದ್ರೆ ಕಾನೂನು ಮೊದಲು ಕೇಳೋದೇ "ಇದನ್ನ ತಂದುಕೊಟ್ಟೋರು ಯಾರು, ಇದು ಅವರದ್ದೇನಾ" ಅಂತ. ಲೈಸೆನ್ಸು, ರಿಜಿಸ್ಟರು, ಐಡಿ, ಕ್ಯಾಶ್ ಕೊಡಬಾರದು ಅನ್ನೋ ರೂಲು, ಬಹುಪಾಲು ಈ ಪ್ರಶ್ನೆಯಿಂದ ಹುಟ್ಟಿರೋವೇ. ದೇಶ ದೇಶಕ್ಕೆ ರೂಲ್ಸ್ ಬೇರೆ, ಒಂದೇ ದೇಶದೊಳಗೆ ರಾಜ್ಯಕ್ಕೂ ನಗರಕ್ಕೂ ಬೇರೆ ಇರಬಹುದು, ಅದಕ್ಕೇ ಉದಾಹರಣೆಗಳನ್ನ ನಾಲ್ಕಾರು ಕಡೆಯಿಂದ ತಗೊಂಡಿದೀನಿ. ನೀವಿರೋ ಕಡೆ ಏನಿದೆ ಅಂತ ಪೊಲೀಸ್ ಸ್ಟೇಷನ್ನು, ಸ್ಥಳೀಯ ಆಡಳಿತದ ಆಫೀಸು ಎರಡೂ ಕಡೆ ವಿಚಾರಿಸಿ.

ಕದ್ದ ಮಾಲಿನ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಈ ವ್ಯಾಪಾರದಲ್ಲಿ ಜನ ಮುಳುಗೋದು ಇಲ್ಲೇ. "ನಾನು ಸರಿಯಾದ ದುಡ್ಡು ಕೊಟ್ಟೇ ಕೊಂಡಿದ್ದು, ಹಾಗಾಗಿ ಇದು ನಂದು" ಅಂತ ತುಂಬಾ ಜನ ನಂಬಿದಾರೆ, ಅದು ತಪ್ಪು. ಭಾರತದ 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮಾರೋನಿಗೆ ಎಷ್ಟು ಹಕ್ಕಿದೆಯೋ ಅಷ್ಟೇ ಕೊಂಡೋನಿಗೂ ಬರೋದು, ಕೆಲವು ವಿನಾಯಿತಿ ಬಿಟ್ರೆ. ಕಳ್ಳನಿಗೆ ಹಕ್ಕೇ ಇಲ್ಲ, ಹಾಗಾಗಿ ನಿಮಗೂ ಇಲ್ಲ, ನಿಜವಾದ ಮಾಲೀಕ ಬಂದ ದಿನ ಸಾಮಾನು ವಾಪಸ್ ಹೋಗುತ್ತೆ, ನೀವು ಕೊಟ್ಟ ದುಡ್ಡಿಗೆ ಆ ಕಳ್ಳನ್ನೇ ಹುಡುಕಬೇಕು. ಇಂಗ್ಲೆಂಡಲ್ಲಿ ಹಿಂದೆ ಒಂದು ವಿಚಿತ್ರ ರೂಲ್ ಇತ್ತು, ಬಹಿರಂಗ ಸಂತೇಲಿ ಸೂರ್ಯ ಹುಟ್ಟಿ ಮುಳುಗೋದರೊಳಗೆ ಒಳ್ಳೆ ನಂಬಿಕೆಯಿಂದ ಕೊಂಡ್ರೆ ಕದ್ದ ಮಾಲಾದ್ರೂ ಕೊಂಡೋನದೇ ಆಗ್ತಿತ್ತು, ಅದನ್ನೂ 1995ರಲ್ಲಿ ತೆಗೆದುಹಾಕಿದ್ರು. ಜಪಾನಲ್ಲಂತೂ ಕಳುವಾಗಿ ಒಂದು ವರ್ಷದೊಳಗೆ ಮಾಲೀಕ ಕೇಳಿದ್ರೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿ ಒಂದು ಪೈಸಾನೂ ಕೇಳದೆ ವಾಪಸ್ ಕೊಡಬೇಕು, ಅವನು ಏನೂ ಗೊತ್ತಿಲ್ಲದೆ ಇನ್ನೊಬ್ಬ ವ್ಯಾಪಾರಿ ಹತ್ರ ಕೊಂಡಿದ್ರೂ ಅಷ್ಟೇ.

ಇದು ದುಡ್ಡಿನ ನಷ್ಟ ಆಯ್ತು, ಜೈಲಿನ ವಿಷಯ ಬೇರೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಗೆ ಬಂದಿದೆ, ಅದರ 317ನೇ ಸೆಕ್ಷನ್ನಲ್ಲಿ ಅಪ್ರಾಮಾಣಿಕವಾಗಿ ಕದ್ದ ಮಾಲು ಇಟ್ಕೊಂಡೋರಿಗೆ 3 ವರ್ಷದ ತನಕ ಶಿಕ್ಷೆ ಇದೆ, ಅದನ್ನೇ ಕಸುಬು ಮಾಡ್ಕೊಂಡ್ರೆ 10 ವರ್ಷ ಅಥವಾ ಜೀವಾವಧಿ. ಇದರಲ್ಲಿ ಒಂದು ಮಾತು ಗಮನಿಸಿ, "ಕದ್ದದ್ದು ಅಂತ ಗೊತ್ತಿದ್ದು" ಅಂತ ಮಾತ್ರ ಇಲ್ಲ, "ಹಾಗೆ ನಂಬೋಕೆ ಕಾರಣ ಇದ್ದು" ಅಂತಾನೂ ಇದೆ. ಅಂದ್ರೆ ಲಾಕ್ ತೆಗೆಯೋಕೆ ಬರದೇ ಇರೋನು ಹೊಸಾ ಫೋನನ್ನ ಕಾಲು ಭಾಗ ರೇಟಿಗೆ ಕೊಟ್ಟು ಓಡೋಕೆ ನೋಡ್ತಿದ್ರೆ, ನಂಗೇನು ಗೊತ್ತಿತ್ತು ಅನ್ನೋ ಮಾತು ನಿಲ್ಲೋದು ಕಷ್ಟ. ಅಂಥ ಮಾಲನ್ನ ತಗೋಬೇಡಿ. ಲಾಭ ಎಷ್ಟೇ ಇರಲಿ, ಆ ಫೋನಲ್ಲಿ ಯಾರದ್ದೋ ಮಗುವಿನ ಫೋಟೋ ಇರುತ್ತೆ, ಅವರು ಅದನ್ನ ಹುಡುಕ್ತಾ ಇರ್ತಾರೆ.

ಲೈಸೆನ್ಸ್ ವಿಷಯದಲ್ಲಿ "ಸೆಕೆಂಡ್ ಹ್ಯಾಂಡ್ ವ್ಯಾಪಾರ" ಅಂತ ಒಟ್ಟಾರೆ ಕೇಳಿದ್ರೆ ಉತ್ತರ ಸಿಗಲ್ಲ, ಯಾವ ಸಾಮಾನು ಅಂತ ಹೇಳಿ ಕೇಳಬೇಕು. ಜಪಾನಲ್ಲಿ 1949ರ ಕಾಯ್ದೆ ಪ್ರಕಾರ ಪೊಲೀಸ್ ಸ್ಟೇಷನ್ ಮೂಲಕ ಪರ್ಮಿಟ್ ತಗೋಬೇಕು, ಸಾಮಾನನ್ನ 13 ವಿಧ ಮಾಡಿದಾರೆ. ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಗುಜರಿ ಲೋಹಕ್ಕೆ 2013ರ ಕಾಯ್ದೆ ಇದೆ, ಒಂದು ಜಾಗದಲ್ಲಿ ಕೂತು ಕೊಳ್ಳೋರಿಗೆ ಒಂದು ಲೈಸೆನ್ಸು, ಬೀದಿ ಬೀದಿ ಸುತ್ತಿ ಕೊಳ್ಳೋರಿಗೆ ಇನ್ನೊಂದು, ಎರಡಕ್ಕೂ 3 ವರ್ಷ ಅವಧಿ. ಭಾರತದಲ್ಲಿ ರಿಜಿಸ್ಟರ್ ಆಗಿರೋ ಹಳೇ ಗಾಡಿ ಕೊಂಡು ಮಾರೋ ಡೀಲರಿಗೆ 2023ರ ಏಪ್ರಿಲ್ 1ರಿಂದ ಸಾರಿಗೆ ಇಲಾಖೆಯ ಅಧಿಕೃತ ಪತ್ರ ಬೇಕು, ಗಾಡಿ ಅವರ ಕೈ ಸೇರಿದ ಮಾಹಿತಿನ ಆನ್‌ಲೈನಲ್ಲಿ ಕೊಡಬೇಕು, ಆಮೇಲೆ ಆ ಗಾಡಿಯ ಜವಾಬ್ದಾರಿ ಡೀಲರದ್ದೇ. ನೂರು ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರದಂಥವು ಬಂದ್ರೆ ಅದು ಹಳೇ ಸಾಮಾನಲ್ಲ, 1972ರ ಪುರಾವಸ್ತು ಕಾಯ್ದೆಗೆ ಬರುತ್ತೆ, ಹಸ್ತಪ್ರತಿಗಾದ್ರೆ 75 ವರ್ಷ ಸಾಕು, ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡೋ ಹಾಗಿಲ್ಲ.

ಈಗ ರಿಜಿಸ್ಟರು. ನನ್ನ ಪ್ರಕಾರ ಈ ವ್ಯಾಪಾರದಲ್ಲಿ ಬಂಡವಾಳಕ್ಕಿಂತ ಮುಖ್ಯ ಇದು. ತಾರೀಖು, ಟೈಮು, ಮಾರಿದೋರ ಹೆಸರು ವಿಳಾಸ, ಯಾವ ಐಡಿ ನೋಡಿದ್ರಿ ಅದರ ನಂಬರು, ಸಾಮಾನಿನ ವಿವರ, ಕೊಟ್ಟ ದುಡ್ಡು, ಅವರ ಸಹಿ. ಸಾಮಾನಿನ ವಿವರ ಅಂದ್ರೆ "ಕಪ್ಪು ಫೋನ್ ಒಂದು" ಅಂತ ಬರೆದ್ರೆ ಬರೀದೇ ಇದ್ದ ಹಾಗೇನೇ, ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಗಾಡಿಯಾದ್ರೆ ಚಾಸಿಸ್ ಮತ್ತು ಎಂಜಿನ್ ನಂಬರ್, ಒಡವೆಯಾದ್ರೆ ತೂಕ ಮತ್ತೆ ಕೆತ್ತನೆ ಏನಿದೆ ಅಂತ, ಜೊತೆಗೆ ಒಂದು ಫೋಟೋ. ಐಡಿಲಿರೋ ಮುಖ ಎದುರಿಗಿರೋ ಮುಖ ಒಂದೇನಾ ನೋಡಿ, ನೋಡದೆ ಜೆರಾಕ್ಸ್ ಇಟ್ಕೊಂಡ್ರೆ ಪ್ರಯೋಜನ ಇಲ್ಲ. ದುಡ್ಡು ಕೊಡೋದಕ್ಕಿಂತ ಮುಂಚೆ ಬರೀರಿ, ಆಮೇಲೆ ಬರೀತೀನಿ ಅಂದ್ರೆ ಮಾರಿದೋನು ಹೋಗಿರ್ತಾನೆ. ಜಪಾನಲ್ಲೂ, ಇಂಗ್ಲೆಂಡಿನ ಗುಜರಿ ಕಾಯ್ದೆಯಲ್ಲೂ ಈ ದಾಖಲೆ 3 ವರ್ಷ ಇಟ್ಟಿರಬೇಕು. ಇನ್ನೊಂದು, ಆ ರಿಜಿಸ್ಟರಲ್ಲಿ ನೂರಾರು ಜನರ ವಿಳಾಸ, ಐಡಿ ನಂಬರ್ ಇರುತ್ತಲ್ವಾ, ಅದನ್ನ ಟೇಬಲ್ ಮೇಲೆ ತೆರೆದಿಟ್ಟು ಹೋಗಬೇಡಿ, ಬೀಗ ಹಾಕಿಡಿ.

ಚಿಕ್ಕ ಹುಡುಗರು ಏನಾದ್ರೂ ತಂದ್ರೆ ಕೊಳ್ಳಬೇಡಿ, ಮನೆಯೋರನ್ನ ಕರ್ಕೊಂಡು ಬಾ ಅನ್ನಿ. ಅಪ್ರಾಪ್ತರ ಹತ್ರ ಕೊಳ್ಳೋದನ್ನ ಬಹಳ ಕಡೆ ಕಾನೂನೇ ತಡೆಯುತ್ತೆ.

ದುಡ್ಡನ್ನ ಆದಷ್ಟೂ ಬ್ಯಾಂಕ್ ಮೂಲಕ ಕೊಡಿ. ಇಂಗ್ಲೆಂಡ್ ಮತ್ತು ವೇಲ್ಸಲ್ಲಿ ಗುಜರಿ ಲೋಹಕ್ಕೆ ಕ್ಯಾಶ್ ಕೊಡೋದನ್ನ 2012ರ ಡಿಸೆಂಬರ್‌ನಿಂದ ನಿಲ್ಲಿಸಿದ್ರು, ಕೇಬಲ್ಲು, ಚರ್ಚಿನ ಮೇಲ್ಛಾವಣಿಯ ಸೀಸ ಎಲ್ಲ ಕದ್ದು ಮಾರ್ತಿದ್ರು, ಕ್ಯಾಶಿಗೆ ಗುರುತೇ ಇರಲ್ಲ ಅಂತ. ಕೆಲವು ಕಡೆ ಕೊಂಡ ಸಾಮಾನನ್ನ ಇಷ್ಟು ದಿನ ಮಾರದೆ, ಕರಗಿಸದೆ ಹಾಗೇ ಇಡಬೇಕು ಅನ್ನೋ ರೂಲೂ ಇದೆ, ಅಷ್ಟರೊಳಗೆ ಕಳುವಿನ ದೂರು ಬಂದ್ರೆ ಹೋಲಿಸಿ ನೋಡೋಕೆ. ನಿಮ್ಮ ಕಡೆ ಅಂಥ ರೂಲ್ ಇಲ್ಲದಿದ್ರೂ ಒಡವೆಯನ್ನ ಕೊಂಡ ದಿನಾನೇ ಕರಗಿಸಬೇಡಿ.

ಫೋನ್ ಬಂದ್ರೆ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ, 15 ಅಂಕಿಯ ಐಎಂಇಐ (ಪ್ರತಿ ಫೋನಿಗೂ ಬೇರೆ ಬೇರೆ ಇರೋ ಗುರುತಿನ ನಂಬರು) ಬರುತ್ತೆ, ಭಾರತದಲ್ಲಾದ್ರೆ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಲ್ಲಿ ಆ ನಂಬರ್ ಹಾಕಿದ್ರೆ ಬ್ಲಾಕ್ ಆಗಿದೆಯಾ ಇಲ್ವಾ ಗೊತ್ತಾಗುತ್ತೆ. ಐಎಂಇಐ ಬದಲಾಯಿಸಿ ಕೊಡ್ತೀನಿ ಅಂತ ಯಾರಾದ್ರೂ ಬಂದ್ರೆ ಒಳಗೇ ಬಿಟ್ಕೋಬೇಡಿ, 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷ ಜೈಲು ಅಥವಾ 50 ಲಕ್ಷದ ತನಕ ದಂಡ ಅಥವಾ ಎರಡೂ ಇದೆ. ಹಳೇ ಮಾಲೀಕರ ಅಕೌಂಟ್ ಅವರ ಕೈಯಲ್ಲೇ ತೆಗೆಸಿ, ಅವರ ಎದುರಿಗೇ ಪೂರ್ತಿ ರಿಸೆಟ್ ಮಾಡಿಸಿ.

ಕೆಲವು ಸಾಮಾನು ಮಾಲೀಕರೇ ತಂದು ಕೊಟ್ರೂ ಮಾರೋ ಹಾಗಿಲ್ಲ. ಆನೆ ದಂತ ಅಜ್ಜನ ಕಾಲದ್ದಾದ್ರೂ ಭಾರತದಲ್ಲಿ ವ್ಯಾಪಾರ ಮಾಡೋ ಹಾಗಿಲ್ಲ. ಅಮೆರಿಕದಲ್ಲಿ ಅಪಾಯ ಇದೆ ಅಂತ ಕಂಪನಿ ವಾಪಸ್ ಕರೆದ ಸಾಮಾನನ್ನ ಸೆಕೆಂಡ್ ಹ್ಯಾಂಡ್ ಅಂಗಡಿನೂ ಮಾರಬಾರದು ಅಂತ 2008ರ ಕಾಯ್ದೆ ಹೇಳುತ್ತೆ, ಪಕ್ಕದ ಕಟಕಟೆ ಕೆಳಗೆ ಇಳಿಸೋ ಥರದ ಮಗುವಿನ ತೊಟ್ಟಿಲು ಮಂಚಗಳಲ್ಲಿ ಮಕ್ಕಳು ಸಿಕ್ಕಿ ಸತ್ತಿದ್ದಕ್ಕೆ 2011ರ ಜೂನ್‌ನಿಂದ ಅವನ್ನ ಮಾರೋದೇ ನಿಷೇಧ. ಮಕ್ಕಳ ಸಾಮಾನು, ಕಾರ್ ಸೀಟು, ಹೆಲ್ಮೆಟ್ ಕೊಳ್ಳೋಕೆ ಮುಂಚೆ ಮಾಡೆಲ್ ನಂಬರ್ ಹುಡುಕಿ ನೋಡಿ, ಆ್ಯಕ್ಸಿಡೆಂಟ್ ಆಗಿರೋ ಕಾರ್ ಸೀಟು ಹೊರಗಿಂದ ಚೆನ್ನಾಗೇ ಕಾಣುತ್ತೆ, ಒಳಗೆ ಬಿರುಕು ಬಿಟ್ಟಿರಬಹುದು. ಕಾನೂನು ಬಿಡಿ, ಇದನ್ನ ದಯವಿಟ್ಟು ಮಾಡಿ.

ಮಾರುವಾಗ "ಇದ್ದದ್ದು ಇದ್ದ ಹಾಗೆ, ವಾಪಸ್ ಇಲ್ಲ" ಅಂತ ಬೋರ್ಡ್ ಹಾಕಿದ ತಕ್ಷಣ ಎಲ್ಲಾ ಹೊಣೆ ಹೋಗಲ್ಲ. ಯುರೋಪ್ ಒಕ್ಕೂಟದಲ್ಲಿ ಸಾಮಾನಿಗೆ 2 ವರ್ಷ ಕಾನೂನಿನ ಗ್ಯಾರಂಟಿ ಇದೆ, ಹಳೇ ಸಾಮಾನಿಗೆ ಸದಸ್ಯ ದೇಶ ಒಪ್ಪಿದ್ರೆ ಅದನ್ನ ಕಮ್ಮಿ ಮಾಡ್ಕೋಬಹುದು, ಆದ್ರೆ ಒಂದು ವರ್ಷಕ್ಕಿಂತ ಕೆಳಗೆ ಇಳಿಸೋ ಹಾಗಿಲ್ಲ. ಅಮೆರಿಕದಲ್ಲಿ 12 ತಿಂಗಳಲ್ಲಿ 5ಕ್ಕಿಂತ ಜಾಸ್ತಿ ಹಳೇ ಕಾರು ಮಾರಿದ್ರೆ ಫೆಡರಲ್ ನಿಯಮದ ಪ್ರಕಾರ ನೀವು ಡೀಲರು, ವಾರಂಟಿ ಇದೆಯೋ ಇಲ್ವೋ ಅಂತ ಹೇಳೋ ಚೀಟಿ ಕಾರಿಗೆ ಅಂಟಿಸಬೇಕು. ರಿಪೇರಿ ಆಗಿದ್ದು, ಪಾರ್ಟ್ ಬದಲಾಗಿದ್ದು ಬಿಲ್ಲಲ್ಲೇ ಬರೀರಿ. ಟ್ಯಾಕ್ಸ್ ಬಗ್ಗೆ ಒಂದೇ ಮಾತು, ಕೊಂಡ ರೇಟಿಗೂ ಮಾರಿದ ರೇಟಿಗೂ ಇರೋ ವ್ಯತ್ಯಾಸಕ್ಕೆ ಮಾತ್ರ ಟ್ಯಾಕ್ಸ್ ಹಾಕೋ ಪದ್ಧತಿ ಭಾರತದ ಜಿಎಸ್‌ಟಿಯಲ್ಲೂ ಯುರೋಪಿನ ವ್ಯಾಟಲ್ಲೂ ಇದೆ, ಕೊಂಡ ರೇಟಿಗೆ ದಾಖಲೆ ಇದ್ರೆ ಮಾತ್ರ ಅದನ್ನ ತೋರಿಸೋಕೆ ಆಗೋದು, ಅಲ್ಲೂ ಅದೇ ರಿಜಿಸ್ಟರೇ ಬೇಕು.

ಇಷ್ಟೆಲ್ಲಾ ಮಾಡಿದ್ರೂ ಒಂದು ದಿನ ಪೊಲೀಸರು ಬರಬಹುದು. ಮಾಲನ್ನ ಬಚ್ಚಿಡಬೇಡಿ, ಹಳೇ ಎಂಟ್ರಿ ತಿದ್ದಬೇಡಿ, ರಿಜಿಸ್ಟರ್ ತೆಗೆದು ತೋರಿಸಿ, ನಿಮಗೇ ಮೊದಲು ಅನುಮಾನ ಬಂದಿದ್ರೆ ನೀವೇ ಹೋಗಿ ಹೇಳಿದ್ರೆ ಇನ್ನೂ ಒಳ್ಳೇದು. ಸಾಮಾನು ಜಪ್ತಿ ಮಾಡಿದ್ರೆ ಮಹಜರಿನ ಕಾಪಿ ಕೇಳಿ ಇಸ್ಕೊಳ್ಳಿ, ರಿಜಿಸ್ಟರನ್ನೇ ತಗೊಂಡು ಹೋಗ್ತೀವಿ ಅಂದ್ರೆ ಆ ಪುಟಗಳ ಫೋಟೋ ಮೊದಲು ತೆಗೆದಿಟ್ಕೊಳ್ಳಿ.