ಹಳೇ ವೈಡ್‌ಸ್ಕ್ರೀನ್ ಟಾಕೀಸಿನ ಚರಿತ್ರೆ ಹುಡುಕುವುದು ಹೇಗೆ?

1950–60ರ ದಶಕದ ಅಮೆರಿಕದಲ್ಲಿ ದೊಡ್ಡ ಸಿನಿಮಾಗಳು ಮೊದಲು ರೋಡ್‌ಶೋ ಆಗಿ ಬರುತ್ತಿದ್ದವು. ಊರಿಗೆ ಒಂದೇ ಟಾಕೀಸು, ದಿನಕ್ಕೆ ಒಂದೋ ಎರಡೋ ಆಟ, ಮೊದಲೇ ಕಾದಿರಿಸಿದ ಸೀಟು, ಜಾಸ್ತಿ ದರ, ನಡುವೆ ಇಂಟರ್‌ವಲ್. ಈ ಚರಿತ್ರೆ ಬೇಕಾದರೆ ಸಿನಿಮಾದಿಂದ ಶುರು ಮಾಡಬೇಡಿ, ಟಾಕೀಸಿನಿಂದ ಶುರು ಮಾಡಿ. ಸಿನಿಮಾಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಜನ ಅದನ್ನು ಎಲ್ಲಿ ಕೂತು, ಎಂಥ ಪರದೆಯ ಮೇಲೆ ನೋಡಿದರು ಅನ್ನೋದೇ ಮರೆತುಹೋಗುತ್ತಿದೆ.

ನ್ಯೂಯಾರ್ಕಿನ ರಿವೋಲಿಯನ್ನೇ ತೆಗೆದುಕೊಳ್ಳಿ. 1917ರ ಟಾಕೀಸು. 1955ರಲ್ಲಿ ಟಾಡ್-ಎಒ ಎಂಬ 70 ಎಂಎಂ ವಿಧಾನದ ‘ಓಕ್ಲಹೋಮಾ!’, 1963ರಲ್ಲಿ ‘ಕ್ಲಿಯೋಪಾತ್ರ’, 1965ರಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಅಲ್ಲೇ ಬಂದವು. ಈಗ ಆ ಕಟ್ಟಡವೇ ಇಲ್ಲ. ಉಳಿದಿರುವುದು ಕಾಗದ ಮಾತ್ರ.

ಮೊದಲು ಆ ಊರಿನ ಹಳೇ ಪತ್ರಿಕೆಗಳ ಜಾಹೀರಾತು ತೆಗೆಯಿರಿ. ಬಿಡುಗಡೆ ದಿನದ್ದೊಂದೇ ಸಾಲದು, ವಾರವಾರದ್ದೂ ನೋಡಬೇಕು. ‘ರಿಸರ್ವ್ಡ್ ಸೀಟ್ಸ್’ ಅಂತಿದ್ದ ಜಾಗದಲ್ಲಿ ಒಂದು ದಿನ ‘ಕಂಟಿನ್ಯುಯಸ್’ (ಸೀಟು ಕಾದಿರಿಸದೆ ಒಂದರ ಹಿಂದೊಂದು ಆಟ) ಅಂತ ಬಂದರೆ ರೋಡ್‌ಶೋ ಮುಗಿಯಿತು ಅಂತಲೇ ಅರ್ಥ, ಆ ತಾರೀಖನ್ನು ಪುಟದ ಸಂಖ್ಯೆ ಸಮೇತ ಬರೆದಿಟ್ಟುಕೊಳ್ಳಿ. ಆಟದ ಸಮಯವನ್ನೂ ಬಿಡಬೇಡಿ. ‘ಕ್ಲಿಯೋಪಾತ್ರ’ ಮೊದಲು ಸುಮಾರು 4 ಗಂಟೆಯ ಸಿನಿಮಾ, ಆಮೇಲೆ ಕತ್ತರಿ ಹಾಕಿದರು. ಆಟಗಳ ನಡುವಿನ ಅಂತರ ಕಡಿಮೆಯಾದರೆ ಅನುಮಾನಪಡಿ.

ಆಮೇಲೆ ‘ವೆರೈಟಿ’, ‘ಬಾಕ್ಸ್‌ಆಫೀಸ್’ನಂಥ ಉದ್ಯಮದ ಪತ್ರಿಕೆಗಳು. ‘ವೆರೈಟಿ’ಯ ವಾರದ ಗಳಿಕೆ ವರದಿಯಲ್ಲಿ ಟಾಕೀಸಿನ ಸೀಟು, ಟಿಕೆಟ್ ದರ ಎರಡೂ ಇರುತ್ತಿದ್ದವು. ಸೀಟಿನ ಲೆಕ್ಕ ಇದ್ದಕ್ಕಿದ್ದಂತೆ ಇಳಿದಿದ್ದರೆ ಹೊಸ ಪರದೆಗೋ ಪ್ರೊಜೆಕ್ಟರ್ ಕೋಣೆಗೋ ಜಾಗ ಬಿಡಿಸಿದ್ದಾರಾ ಅಂತ ಹುಡುಕಿ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಇಂಥ ಬಹಳಷ್ಟು ಹಳೇ ಸಂಚಿಕೆಗಳನ್ನು ಪುಕ್ಕಟೆ ಓದಬಹುದು.

ಜಾಹೀರಾತಿನ ದೊಡ್ಡಕ್ಷರವನ್ನು ಮಾತ್ರ ಸುಮ್ನೆ ನಂಬಬೇಡಿ. 1952ರಲ್ಲಿ ಬಂದ ಸಿನೆರಾಮಾ ಅಂದರೆ ಮೂರು ಪ್ರೊಜೆಕ್ಟರ್, 146 ಡಿಗ್ರಿ ಬಾಗಿದ ಪರದೆ, ಸೆಕೆಂಡಿಗೆ 26 ಚೌಕಟ್ಟು (ಫ್ರೇಮ್). 1963ರಿಂದ ಅದೇ ಹೆಸರಲ್ಲಿ ಒಂದೇ ಪ್ರೊಜೆಕ್ಟರಿನ 70 ಎಂಎಂ ಸಿನಿಮಾಗಳೂ ಬಂದವು. ‘ಓಕ್ಲಹೋಮಾ!’ ಕಥೆ ಇನ್ನೂ ಸೊಗಸು: ಅದನ್ನು ಟಾಡ್-ಎಒದಲ್ಲೊಮ್ಮೆ, 35 ಎಂಎಂನ ಸಿನೆಮಾಸ್ಕೋಪ್‌ನಲ್ಲೊಮ್ಮೆ ಚಿತ್ರೀಕರಿಸಿದ್ದರು. ಅಂದರೆ ರಿವೋಲಿಯಲ್ಲಿ ನೋಡಿದವರೂ ಆಮೇಲೆ ಬೀದಿ ಟಾಕೀಸಿನಲ್ಲಿ 35 ಎಂಎಂ ಪ್ರಿಂಟ್ ನೋಡಿದವರೂ ಒಂದೇ ಶಾಟ್‌ಗಳನ್ನು ನೋಡಿಲ್ಲ!

ಹಳೇ ಪ್ರೊಜೆಕ್ಟರ್ ಆಪರೇಟರ್ ಯಾರಾದರೂ ಸಿಕ್ಕರೆ ‘ಹೇಗಿತ್ತು ಸರ್ ಆಗ?’ ಅಂತ ಕೇಳಬೇಡಿ. ಯಾವ ಯಂತ್ರ, ಎಷ್ಟಗಲದ ಪರದೆ, ಪರದೆ ತೆರೆಯುವ ಮೊದಲು ಸಂಗೀತ ಹಾಕುತ್ತಿದ್ದಿರಾ, ದೀಪ ಯಾವಾಗ ಆರಿಸುತ್ತಿದ್ದಿರಿ ಅಂತ ಕೇಳಿ, ಹೇಳಿದ್ದನ್ನು ಅದೇ ವಾರದ ಜಾಹೀರಾತಿನ ಪಕ್ಕ ಇಟ್ಟು ನೋಡಿ.