ಎಲ್‌ಎಲ್ ಕೂಲ್ ಜೆಯ ಎರಡನೇ ಆಲ್ಬಂ: ಮೊದಲ ಸಲ ಹೀಗೆ ಕೇಳಿ

ಎಲ್‌ಎಲ್ ಕೂಲ್ ಜೆ ಅಮೆರಿಕದ ರ‍್ಯಾಪ್ ಹಾಡುಗಾರ. 1987ರಲ್ಲಿ ಡೆಫ್ ಜ್ಯಾಮ್ ಅನ್ನುವ ರೆಕಾರ್ಡ್ ಕಂಪನಿ ಹೊರತಂದ ಅವನ ಎರಡನೇ ಆಲ್ಬಂ ‘ಬಿಗ್ಗರ್ ಅಂಡ್ ಡೆಫರ್’ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಅವನ ಮೊದಲ ಆಲ್ಬಂ, 1985ರ ‘ರೇಡಿಯೋ’, ಅದರಿಂದ ಎರಡು ಹಾಡು ಕೇಳಿಬಿಡಿ. ಡ್ರಮ್ ಮಷೀನು, ಸ್ಕ್ರ್ಯಾಚು (ತಿರುಗುವ ರೆಕಾರ್ಡನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದು ಎಬ್ಬಿಸುವ ಸದ್ದು), ದನಿ, ಹೆಚ್ಚೂಕಡಿಮೆ ಅಷ್ಟೇ. ಅದರ ನಿರ್ಮಾಪಕ ರಿಕ್ ರೂಬಿನ್ ಹೆಸರಿನ ಹಿಂದೆ ‘ಪ್ರೊಡ್ಯೂಸ್ಡ್’ ಬದಲು ‘ರಿಡ್ಯೂಸ್ಡ್’, ಅಂದರೆ ಕಡಿಮೆ ಮಾಡಿದ್ದು, ಅಂತಲೇ ಅಚ್ಚಾಗಿತ್ತು. ಎರಡನೇ ಆಲ್ಬಮ್ಮಿಗೆ ರೂಬಿನ್ ಇಲ್ಲ. ಎಲ್‌.ಎ. ಪಾಸ್ಸೆ ಅನ್ನುವ ತಂಡ ಮತ್ತು ಎಲ್‌ಎಲ್ ಸೇರಿ ಮಾಡಿದ್ದು. ಕಿವಿಯಲ್ಲಿ ಆ ಖಾಲಿತನ ಇದ್ದರೆ ಮಾತ್ರ ಇಲ್ಲಿ ಏನೇನು ತುಂಬಿಕೊಂಡಿದೆ ಅಂತ ಗೊತ್ತಾಗುತ್ತದೆ.

ಈಗ ಶಫಲ್ ಆಫ್ ಮಾಡಿ, ಹೆಡ್‌ಫೋನ್ ಹಾಕಿಕೊಳ್ಳಿ.

ಮೊದಲು ‘ಐ ಆಮ್ ಬ್ಯಾಡ್’. ಪೊಲೀಸ್ ವೈರ್‌ಲೆಸ್ಸಿನ ದನಿಯಿಂದ ಶುರುವಾಗುತ್ತದೆ, ಹಿಂದೆ ‘ಸ್ವಾಟ್’ ಅನ್ನುವ ಟಿವಿ ಸೀರಿಯಲ್ಲಿನ ಟ್ಯೂನ್ ಇದೆ. ಇದನ್ನು ಎರಡು ಸಲ ಕೇಳಿ. ಒಂದು ಸಲ ಸುಮ್ನೆ ಡ್ರಮ್ಮಿನ ಜೊತೆ ಬೆರಳು ತಟ್ಟುತ್ತಾ ಕೇಳಿ, ಪದಗಳ ಅರ್ಥದ ಚಿಂತೆ ಬೇಡ. ಎರಡನೇ ಸಲ ಅವನು ಉಸಿರು ಎಲ್ಲಿ ಎಳೆದುಕೊಳ್ಳುತ್ತಾನೆ ಅಂತ ಹುಡುಕಿ. ಆಗ ಅವನಿಗೆ ಇನ್ನೂ 19 ವರ್ಷ, ನ್ಯೂಯಾರ್ಕಿನ ಕ್ವೀನ್ಸ್ ಹುಡುಗ, ಅಷ್ಟು ಜೋರು ದನಿಯಲ್ಲೂ ಒಂದು ಅಕ್ಷರ ಜಾರುವುದಿಲ್ಲ. ನನಗಂತೂ ಇಡೀ ಆಲ್ಬಮ್ಮಿನಲ್ಲಿ ಇದಕ್ಕಿಂತ ಇಷ್ಟವಾದದ್ದು ಇಲ್ಲ.

ಪ್ರಾಸದ ಬಗ್ಗೆ ಒಂದು ಮಾತು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂತಿರುತ್ತದೆ ಅಲ್ವಾ, ಇಲ್ಲಿ ಜಾಸ್ತಿ ಸಾಲಿನ ಕೊನೆಯಲ್ಲಿ. ಹಾಗಾಗಿ ಸಾಲು ಮುಗಿಯುವ ಕಡೆ ಕಿವಿ ಇಡಿ. ಪದ ಅರ್ಧ ಅರ್ಥವಾದರೂ ಹಿಡಿತ ಸಿಗುತ್ತದೆ.

‘ಗೋ ಕಟ್ ಕ್ರಿಯೇಟರ್ ಗೋ’ ಕೇಳುವ ಮುಂಚೆ ರಾಕ್ ಅಂಡ್ ರೋಲ್ ಗಿಟಾರಿಗ ಚಕ್ ಬೆರ್ರಿಯ 1958ರ ‘ಜಾನಿ ಬಿ. ಗುಡ್’ ಒಮ್ಮೆ ಕೇಳಿ. ಕಟ್ ಕ್ರಿಯೇಟರ್ ಅಂದರೆ ಎಲ್‌ಎಲ್‌ನ ಡಿಜೆ. ಈ ಹಾಡಿನಲ್ಲಿ ಬೆರ್ರಿಯ ಗಿಟಾರೇ ತಿರುಗಿ ಬರುತ್ತದೆ, ಮೂಲ ಕೇಳಿದ್ದರೆ ತಟ್ಟನೆ ಗುರುತು ಸಿಗುತ್ತದೆ.

ಆಮೇಲೆ ‘ಐ ನೀಡ್ ಲವ್’. ಇದನ್ನೇ ಮೊದಲು ಕೇಳಿ ಆಲ್ಬಂ ಇಷ್ಟೇ ಅಂದುಕೊಳ್ಳಬೇಡಿ, ಹಾಗಂತ ದಾಟಿಸಲೂ ಬೇಡಿ. ನಿಧಾನದ ಕೀಬೋರ್ಡು, ಹತ್ತಿರ ಕೂತು ಮಾತಾಡುವಂಥ ದನಿ. ಇದು ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಅಲ್ಲಿನ ಪಾಪ್ ಪಟ್ಟಿಯಲ್ಲಿ 14ಕ್ಕೂ ಏರಿತು, ಆಲ್ಬಂ ಅಲ್ಲಿನ ಆಲ್ಬಂ ಪಟ್ಟಿಯಲ್ಲಿ 3ನೇ ಸ್ಥಾನ ಮುಟ್ಟಿತು. ರ‍್ಯಾಪ್ ಮೆತ್ತಗಾಯಿತು ಅಂತ ಬೈದವರೂ ಇದ್ದರು. ನಾನು ಒಪ್ಪುವುದಿಲ್ಲ. ಅಷ್ಟೆಲ್ಲಾ ಜಂಬ ಕೊಚ್ಚಿಕೊಂಡ ಅದೇ ಬಾಯಲ್ಲಿ ನನಗೆ ಪ್ರೀತಿ ಬೇಕು ಅನ್ನುವುದಕ್ಕೆ ಧೈರ್ಯ ಬೇಕು.

ಅದು ಮುಗಿದ ಕೂಡಲೇ ನಿಲ್ಲಿಸಬೇಡಿ. ಮುಂದಿನ ಹಾಡಿನಲ್ಲಿ ಅವನ ದನಿ ಮತ್ತೆ ಏರುತ್ತದೆ, ಆ ತಿರುವನ್ನು ತಪ್ಪಿಸಿಕೊಳ್ಳಬೇಡಿ. ಕೊನೆಯ ಕಡೆ ಬರುವ ‘ದ ಡೂ ವಾಪ್’ ರಾತ್ರಿ ದೀಪ ಆರಿಸಿ ಕೇಳಿ. ಹಳೇ ಕಾಲದ ಗುಂಪು ಹಾಡಿನ ದನಿಗಳ ಮೇಲೆ ಅವನು ಆರಾಮಾಗಿ ಕಥೆ ಹೇಳುತ್ತಾ ಹೋಗುತ್ತಾನೆ.