ಸೋಲಾರ್ ಕರಾರು ರದ್ದು ಮಾಡಿಸುತ್ತೇವೆ ಅನ್ನುವವರ ಬಗ್ಗೆ ಹುಷಾರು

ಕಾಸರಗೋಡು, ಬದಿಯಡ್ಕ, ಮಂಜೇಶ್ವರ ಕಡೆಯ ಎಲ್ಲರ ಗಮನಕ್ಕೆ. ಸಾಲ ಮಾಡಿ ಮನೆ ಮೇಲೆ ಸೋಲಾರ್ ಹಾಕಿಸಿದ್ದೀರಿ, ಬಿಲ್ ಅಂದುಕೊಂಡಷ್ಟು ಇಳಿದಿಲ್ಲ. ಆಗ ಯಾರಾದರೂ ಫೋನ್ ಮಾಡಿ "ಕರಾರು ರದ್ದು, ಸಾಲವೂ ಮನ್ನಾ" ಅಂದರೆ ನಂಬಬೇಡಿ. ಕಾಗದ ನೋಡುವ ಮೊದಲೇ ಗ್ಯಾರಂಟಿ ಕೊಡಲು ಹೇಗೆ ಸಾಧ್ಯ? ಮುಂಗಡ ಫೀಸು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಎಲ್ಲಕ್ಕಿಂತ ಅಪಾಯದ ಮಾತು "ಇನ್ನು ಕಂತು ಕಟ್ಟಬೇಡಿ, ಬ್ಯಾಂಕಿನವರ ಹತ್ತಿರ ಮಾತಾಡಬೇಡಿ" ಅನ್ನುವುದು. ಸಾಲ ಇರುವುದು ನಿಮ್ಮ ಹೆಸರಲ್ಲಿ ಅಲ್ವಾ? ಕಂತು ತಪ್ಪಿದರೆ ದಂಡ ಬೀಳುವುದು ನಿಮಗೆ, ಮುಂದೆ ಸಾಲ ಕೊಡುವಾಗ ಬ್ಯಾಂಕು ನೋಡುವ ಸಿಬಿಲ್ ಸ್ಕೋರ್ ಕೆಡುವುದೂ ನಿಮ್ಮದೇ. ಮನೆ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯ ಘರ್ ಸಬ್ಸಿಡಿ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ, ನೇರ ನಿಮ್ಮ ಖಾತೆಗೇ ಬರುತ್ತದೆ. ಅದನ್ನು ಬಿಡಿಸಿಕೊಡುತ್ತೇವೆ, ಒಟಿಪಿ ಹೇಳಿ ಅಂದರೆ ಅದು ಮೋಸ.

ನಮ್ಮಲ್ಲಿ ಕಾಗದಗಳು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದೇ ಜಾಸ್ತಿ. ಹಿರಿಯರು ಸುಮ್ನೆ ಸಹಿ ಹಾಕಿಬಿಡುತ್ತಾರೆ. ದಯವಿಟ್ಟು ಯಾರಿಂದಾದರೂ ಓದಿಸಿ ಕೇಳಿ.

ನಿಜವಾಗಿ ತೊಂದರೆ ಇದ್ದರೆ ಸೋಲಾರ್ ಹಾಕಿಕೊಟ್ಟವರಿಗೆ ಬರೆದು ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ಮೀಟರ್ ವಿಚಾರ ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿ ಸೆಕ್ಷನ್ ಆಫೀಸಿನಲ್ಲಿ ಕೇಳಿ. ಗ್ರಾಹಕ ಸಹಾಯವಾಣಿ 1915. ಹಣ ಆಗಲೇ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.